ಕೆಂಪು ಗೆರೆಯೊಳಗೆ ನಮ್ಮ ತೋಟ

ಹೋದ ತಿಂಗಳು ಒಂದು ಶನಿವಾರ ಬೆಳಿಗ್ಗೆ ಅಪ್ಪನ ಫೋನ್ ಬಂತು. ಸಾಮಾನ್ಯವಾಗಿ ಮಳೆ, ಕೊಳೆರೋಗ, ಅಡಿಕೆ ರೇಟು ಈ ಮೂರರಲ್ಲಿ ನಮ್ಮ ಮಾತು ಮುಗಿಯುತ್ತದೆ. ಆವತ್ತು ಹಾಗಾಗಲಿಲ್ಲ. "ಸರ್ವೆಯವ್ರು ಬಂದಿದ್ರು ಕಣೋ. ಒಂದು ಟ್ಯಾಬ್‌ನಲ್ಲಿ ನಮ್ಮ ತೋಟದ ಫೋಟೊ ತೋರಿಸಿದ್ರು, ಮೇಲಿಂದ ತೆಗೆದಿದ್ದಂತೆ. ಸುತ್ತ ಎಲ್ಲ ಹಸಿರು, ನಮ್ಮ ತೋಟದ ಸುತ್ತ ಮಾತ್ರ ಕೆಂಪು ಗೆರೆ. ನೀನು ಆಫೀಸಲ್ಲಿ ಮಾಡೋದೂ ಇಂಥದ್ದೇ ಕೆಲಸ ಅಲ್ವೇನೋ?"

ಹೌದು, ಇಂಥದ್ದೇ ಕೆಲಸ. ಪುಣೆಯ ಹಿಂಜೆವಾಡಿಯಲ್ಲಿ ಕೂತು ಎಂಟು ವರ್ಷಗಳಿಂದ ನಾನು ಮಾಡುತ್ತಿರುವುದು ಇದನ್ನೇ. ಒಂದೇ ಜಾಗದ ಎರಡು ಕಾಲದ ಚಿತ್ರಗಳನ್ನು ಒಂದರ ಮೇಲೊಂದಿಟ್ಟು, ಕಾಡಿನ ನಡುವೆ ಮನುಷ್ಯ ಎಲ್ಲಿ ನೆಲ ಕೆದಕಿದ್ದಾನೆ ಎಂದು ಹುಡುಕಿ, ಅದರ ಸುತ್ತ ಗೆರೆ ಎಳೆಯುವ ಸಾಫ್ಟ್‌ವೇರ್ ನಮ್ಮದು. ಆ ಗೆರೆಗೆ ಪಾಲಿಗನ್ ಅನ್ನುತ್ತೇವೆ. ನಾವು ನೋಡುವ ಕಾಡುಗಳು ಹೆಚ್ಚಿನವು ಹೊರದೇಶದವು. ಗೆರೆಯೊಳಗೆ ಯಾರ ಮನೆಯಿದೆ ಎಂದು ಕೇಳುವ ಪ್ರಸಂಗ ಬರುವುದಿಲ್ಲ. ದಿನಕ್ಕೆ ನೂರಾರು ಪಾಲಿಗನ್ ನೋಡಿ 'ಸರಿ', 'ತಪ್ಪು' ಎಂದು ಒತ್ತುವ ನನಗೆ ಅಪ್ಪನಿಗೆ ಏನು ಹೇಳಬೇಕೋ ತಕ್ಷಣಕ್ಕೆ ತಿಳಿಯಲಿಲ್ಲ.

ಇದು ನಮ್ಮೊಬ್ಬರ ಮನೆಯ ಸುದ್ದಿಯಾಗಿದ್ದರೆ ಇಲ್ಲಿ ಬರೆಯುತ್ತಿರಲಿಲ್ಲ. 2024ರ ಜುಲೈ 30ರ ನಸುಕಿನಲ್ಲಿ ವಯನಾಡಿನ ಮುಂಡಕ್ಕೈ, ಚೂರಲ್‌ಮಲ ಕೊಚ್ಚಿಹೋದ ಮೇಲೆ ಪಶ್ಚಿಮ ಘಟ್ಟದ ಪ್ರತಿಯೊಂದು ಗುಡ್ಡವನ್ನೂ ಮೇಲಿನಿಂದ ನೋಡುವ ಆತುರ ಎಲ್ಲ ಸರ್ಕಾರಗಳಿಗೂ ಬಂದಿದೆ. ಮರುದಿನವೇ ಕೇಂದ್ರ ಸರ್ಕಾರ ಪರಿಸರ ಸೂಕ್ಷ್ಮ ಪ್ರದೇಶದ ಆರನೇ ಕರಡು ಅಧಿಸೂಚನೆ ಹೊರಡಿಸಿತು: ಆರು ರಾಜ್ಯಗಳಲ್ಲಿ 56,825 ಚದರ ಕಿಲೋಮೀಟರ್, ಅದರಲ್ಲಿ ಕರ್ನಾಟಕದ್ದು 20,668, ಮಹಾರಾಷ್ಟ್ರದ್ದು 17,340. ಆಗಸ್ಟ್‌ನಲ್ಲಿ ನಮ್ಮ ಅರಣ್ಯ ಸಚಿವ ಈಶ್ವರ ಖಂಡ್ರೆಯವರು ಘಟ್ಟದ ಒತ್ತುವರಿ ತೆರವಿಗೆ ಸೂಚನೆ ಕೊಟ್ಟರು. ಸೆಪ್ಟೆಂಬರ್‌ನಲ್ಲಿ ಅದೇ ಸರ್ಕಾರದ ಸಂಪುಟ ಕಸ್ತೂರಿರಂಗನ್ ವರದಿ ಬೇಡವೆಂದಿತು. ಊರಿನಲ್ಲಿ ಚೂರುಪಾರು ಜಮೀನು ಇಟ್ಟುಕೊಂಡು ಪುಣೆ, ಹೈದರಾಬಾದ್, ದೆಹಲಿಯಲ್ಲಿ ದುಡಿಯುವ ನಮ್ಮಂಥವರ ಮನೆಗಳಿಗೆ ಈ ಎರಡೂ ಸುದ್ದಿ ಒಟ್ಟೊಟ್ಟಿಗೆ ತಲುಪಿವೆ. ಎರಡರ ಹಿಂದೆಯೂ ಇರುವುದು ಆಕಾಶದಿಂದ ತೆಗೆದ ಚಿತ್ರ.

ಆ ಚಿತ್ರವನ್ನು ಓದುವುದು ಹೇಗೆಂದು ಸ್ವಲ್ಪ ಹೇಳಬೇಕು. ಹಸಿರೆಲೆ ಕೆಂಪು ಬೆಳಕನ್ನು ನುಂಗುತ್ತದೆ, ಕಣ್ಣಿಗೆ ಕಾಣದ ಅವಗೆಂಪು ಬೆಳಕನ್ನು ಚೆನ್ನಾಗಿ ಹಿಂದಿರುಗಿಸುತ್ತದೆ. ಬರಿ ಮಣ್ಣು ಹಾಗೆ ಮಾಡುವುದಿಲ್ಲ. ಈ ವ್ಯತ್ಯಾಸವನ್ನು ಅಳೆದರೆ ಎಲ್ಲಿ ಎಲೆ ಹೋಗಿ ಮಣ್ಣು ಬಂದಿದೆ ಎಂಬುದು ತಿಳಿಯುತ್ತದೆ. ಮಿಕ್ಕಿದ್ದನ್ನು ಆಕಾರ ಹೇಳುತ್ತದೆ. ಪ್ರಕೃತಿ ಸ್ಕೇಲು ಹಿಡಿದು ಗೆರೆ ಎಳೆಯುವುದಿಲ್ಲ. ನೇರ ಅಂಚು ಕಂಡರೆ ಬೇಲಿ ಅಥವಾ ರಸ್ತೆ. ಮೆಟ್ಟಿಲು ಮೆಟ್ಟಿಲಾಗಿ ಇಳಿದರೆ ಕ್ವಾರಿ. ಮೇಲೆ ಚೂಪಾಗಿ ಕೆಳಗೆ ಹರಡಿದ್ದರೆ ಗುಡ್ಡ ಜಾರಿದ್ದು. ವಿಮಾನದಿಂದ ಕಾಡಿನ ಫೋಟೊ ತೆಗೆದು ನಕ್ಷೆ ಮಾಡುವ ಕೆಲಸ ಹೊಸದೇನಲ್ಲ, ಬ್ರಿಟಿಷರು 1924ರಲ್ಲೇ ಬರ್ಮಾದ ಐರಾವತಿ ಮುಖಜಭೂಮಿಯ ಕಾಡುಗಳನ್ನು ಹೀಗೆ ಅಳೆಸಿದ್ದರು. ಒಂದು ಫೋಟೊ ಮುಂದಿನದರ ಮೇಲೆ ಶೇ 60ರಷ್ಟು ಬರುವಂತೆ ತೆಗೆದರೆ, ಎರಡು ಕಣ್ಣಿನಿಂದ ನೋಡಿದ ಹಾಗೆ ಗುಡ್ಡದ ಎತ್ತರವೂ ಸಿಗುತ್ತದೆ. ಇವತ್ತಿನ ಡ್ರೋನ್ ಮಾಡುವುದೂ ಅದನ್ನೇ. ಮಳೆಗಾಲದ ಮೊದಲು ಒಮ್ಮೆ, ಆಮೇಲೊಮ್ಮೆ ಹಾರಿಸಿದರೆ ಎಷ್ಟು ಲೋಡು ಮಣ್ಣು ತೆಗೆದಿದ್ದಾರೆ ಎಂದು ಲೆಕ್ಕ ಹಾಕಬಹುದು.

ಪಾಠ ಇಷ್ಟು ಸುಲಭ. ಮಲೆನಾಡಿನ ಮೇಲೆ ಅದನ್ನು ಪ್ರಯೋಗಿಸಿದರೆ ಯಂತ್ರ ತಬ್ಬಿಬ್ಬಾಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೋಡ. ಗುಡ್ಡ ಕುಸಿಯುವ ಕಾಲದಲ್ಲೇ ಉಪಗ್ರಹದ ಕ್ಯಾಮೆರಾಕ್ಕೆ ಏನೂ ಕಾಣದು. ರೇಡಾರ್ ಉಪಗ್ರಹ ಮೋಡದ ಆಚೆ ನೋಡಬಲ್ಲದು, ಆದರೆ ಕಡಿದಾದ ಕಣಿವೆಗಳಲ್ಲಿ ಅದಕ್ಕೂ ಒಂದು ಮಗ್ಗುಲು ಕತ್ತಲೆ. ಮಾರ್ಚ್‌ನಲ್ಲಿ ಎಲೆ ಉದುರಿದ ಕಾಡು ಕಡಿದ ಕಾಡಿನಂತೆಯೇ ಕಾಣುತ್ತದೆ. ಮರದ ನೆರಳಿನ ಕಾಫಿ ಕಾಡಿನಂತೆ ಕಾಣುತ್ತದೆ. ದಟ್ಟ ಅಡಿಕೆ ತೋಟ ಒಂದು ಋತುವಿನಲ್ಲಿ ಕಾಡು, ಇನ್ನೊಂದು ಋತುವಿನಲ್ಲಿ ತೋಟ. ಅರಣ್ಯ ಸರ್ವೇಕ್ಷಣಾ ಸಂಸ್ಥೆಯ ದ್ವೈವಾರ್ಷಿಕ ವರದಿಯಂತೂ ಈ ಗೊಡವೆಗೇ ಹೋಗುವುದಿಲ್ಲ: ಒಂದು ಹೆಕ್ಟೇರಿಗಿಂತ ದೊಡ್ಡದಿದ್ದು ಮರದ ನೆರಳು ಶೇ 10 ದಾಟಿದರೆ, ಮಾಲೀಕರು ಯಾರಾದರೂ ಆಗಿರಲಿ, ಜಾತಿ ಯಾವುದಾದರೂ ಆಗಿರಲಿ, ಅದು 'ಅರಣ್ಯ ಹೊದಿಕೆ'. ಅಂದರೆ ನಮ್ಮ ತೋಟ ದೆಹಲಿಯ ವರದಿಯಲ್ಲಿ ಕಾಡು, ಊರಿನ ಟ್ಯಾಬ್‌ನಲ್ಲಿ ಕಾಡಿಗೆ ಮಾಡಿದ ಗಾಯ. ಅಪ್ಪನಿಗೆ ಇದನ್ನು ಹೇಳಿದೆ. ಅವರು ನಗಲಿಲ್ಲ.

ಪುಣೆಯಲ್ಲಿರುವವರಿಗೆ ಇಲ್ಲೇ ಹತ್ತಿರದ ಉದಾಹರಣೆ ಇದೆ. ಭೀಮಾಶಂಕರಕ್ಕೆ ಹೋಗುವ ಕನ್ನಡಿಗರು ಬಹಳ; ಮಂಚರ್, ಘೋಡೆಗಾಂವ್ ದಾಟಿದ ಮೇಲೆ ಡಿಂಭೆ ಅಣೆಕಟ್ಟಿನ ಹಿನ್ನೀರಿನ ಕಡೆ ತಿರುಗಿದರೆ ಮಾಳಿಣ್ ಸಿಗುತ್ತದೆ. 2014ರ ಜುಲೈ 30ರ ಬೆಳಿಗ್ಗೆ, ವಯನಾಡಿಗೆ ಸರಿಯಾಗಿ ಹತ್ತು ವರ್ಷ ಮೊದಲು ಅದೇ ತಾರೀಖು, ಗುಡ್ಡ ಕುಸಿದು ಆ ಊರು ಮಣ್ಣಿನಡಿ ಹೋಯಿತು. ಸತ್ತವರು 151 ಜನ. ಊರು ಇದ್ದ ಕಡೆ ಬರಿ ಮಣ್ಣು ಕಂಡು ಸುದ್ದಿ ಮುಟ್ಟಿಸಿದ್ದು ಒಬ್ಬ ಎಸ್‌ಟಿ ಬಸ್ ಚಾಲಕ. ಈಗ ಅಲ್ಲೊಂದು ಸ್ಮಾರಕ ಇದೆ, ಉಳಿದವರಿಗೆ ಬೇರೆ ಕಡೆ ಮನೆ ಕಟ್ಟಿಕೊಟ್ಟಿದ್ದಾರೆ.

ಮಾಳಿಣ್‌ನ ಹಳೆಯ ಚಿತ್ರಗಳನ್ನು ತಾರೀಖಿನ ಪ್ರಕಾರ ಹಿಂದಕ್ಕೆ ಓಡಿಸಿ ನೋಡಿದವರಿಗೆ ಊರಿನ ಮೇಲಿನ ಇಳಿಜಾರಿನಲ್ಲಿ ಸಮತಟ್ಟು ಮಾಡಿದ ಪಟ್ಟಿಗಳು ಕಾಣುತ್ತವೆ. ಮಹಾದೇವ ಕೋಳಿ ಆದಿವಾಸಿಗಳಿಗೆ ಭತ್ತ ಬೆಳೆಯಲು ಗದ್ದೆ ಮಾಡಿಕೊಡುವ 'ಪಡ್ಕಯಿ' ಎಂಬ ಸರ್ಕಾರಿ ಯೋಜನೆ ಅದು. ಮೊದಲು ಕೈಯಿಂದ ಮಾಡುತ್ತಿದ್ದ ಕೆಲಸಕ್ಕೆ ಆಮೇಲೆ ಜೆಸಿಬಿ ಬಂತು. ಆ ವಾರದ ವಿಪರೀತ ಮಳೆ ಕುಸಿತಕ್ಕೆ ಕಾರಣ ಎಂಬುದರಲ್ಲಿ ತಕರಾರಿಲ್ಲ. ಜೆಸಿಬಿ ಎಷ್ಟು ಕಾರಣ ಎಂಬುದರ ಮೇಲೆ ಮಾತ್ರ ತಜ್ಞರಲ್ಲಿ ಇನ್ನೂ ಚರ್ಚೆ. ನನ್ನ ಸಾಫ್ಟ್‌ವೇರಿಗೆ ಆ ಪಟ್ಟಿಗಳನ್ನು ಕೊಟ್ಟರೆ ಅದು ಎರಡು ಸೆಕೆಂಡಿನಲ್ಲಿ 'ಮಾನವ ನಿರ್ಮಿತ' ಎಂದು ಗೆರೆ ಎಳೆದುಬಿಡುತ್ತದೆ. ಯೋಜನೆ ಯಾರದ್ದು, ಯಂತ್ರ ಕಳಿಸಿದವರು ಯಾರು, ಕೆಳಗೆ ಮಲಗಿದ್ದವರು ಯಾರು ಎಂದು ಅದಕ್ಕೆ ಗೊತ್ತಿಲ್ಲ. ಇನ್ನು 2023ರ ಜುಲೈನಲ್ಲಿ ಕುಸಿದ ರಾಯಗಡ ಜಿಲ್ಲೆಯ ಇರ್ಶಾಳವಾಡಿಗೆ ಸರಿಯಾದ ರಸ್ತೆಯೇ ಇರಲಿಲ್ಲ. ರಕ್ಷಣಾ ತಂಡದವರು ನಡೆದೇ ಗುಡ್ಡ ಹತ್ತಿದರು. ಅಪಾಯದ ಹಳ್ಳಿಗಳ ಪಟ್ಟಿಯಲ್ಲೂ ಅದರ ಹೆಸರಿರಲಿಲ್ಲ. ಎಲ್ಲ ಕುಸಿತಕ್ಕೂ ಜೆಸಿಬಿಯ ಗುರುತು ಹುಡುಕುವ ಅಭ್ಯಾಸ ನನಗೂ ಇತ್ತು; ಇರ್ಶಾಳವಾಡಿ ಅದನ್ನು ಸ್ವಲ್ಪ ಸಡಿಲ ಮಾಡಿತು.

ಹಾಗೆಂದು ಗುಡ್ಡ ಕಡಿಯುವವರಿಗೆ ನಾನು ವಕಾಲತ್ತು ವಹಿಸುತ್ತಿಲ್ಲ. ಕಾತ್ರಜ್ ಘಾಟಿನ ಶಿಂದೇವಾಡಿಯ ಹತ್ತಿರ 2013ರ ಜೂನ್‌ನಲ್ಲಿ, ಕಡಿದ ಗುಡ್ಡದಿಂದ ಹೆದ್ದಾರಿಗೆ ನುಗ್ಗಿದ ನೀರಿನಲ್ಲಿ ಒಬ್ಬ ತಾಯಿ, ಒಂದು ಹಸುಗೂಸು ಕೊಚ್ಚಿಹೋದವು. ನಮ್ಮ ಅಂಕೋಲೆಯ ಶಿರೂರಿನಲ್ಲಿ 2024ರ ಜುಲೈ 16ರಂದು ಕುಸಿದದ್ದು ಹೆದ್ದಾರಿ ಅಗಲ ಮಾಡಲು ನೆಟ್ಟಗೆ ಕತ್ತರಿಸಿದ ಗುಡ್ಡ. ಮಲೆನಾಡಿನಲ್ಲಿ ಇದಕ್ಕೆ 'ಧರೆ' ಎಂಬ ಪದವೇ ಇದೆ. ಮನೆಯ ಹಿಂದಿನ ಧರೆ ಎಷ್ಟೆತ್ತರ ಇರಬೇಕು, ಅದರ ಮೇಲೆ ಏನು ಬೆಳೆಯಬೇಕು ಎಂಬ ಅಂದಾಜು ಹಳಬರಿಗೆ ಇತ್ತು. ಹಿಟಾಚಿ ಬಂದ ಮೇಲೆ ಅಂದಾಜು ತಪ್ಪಿದೆ.

ಈಗ ನಿಜವಾದ ತಕರಾರಿಗೆ ಬರುತ್ತೇನೆ: ಚುಕ್ಕೆಯ ಗಾತ್ರ. ಪುಣೆಯಲ್ಲಿ ಹುಟ್ಟಿದ ಮಾಧವ ಗಾಡ್ಗೀಳರ ಸಮಿತಿ 2011ರಲ್ಲಿ ವರದಿ ಕೊಟ್ಟಾಗ ಇಡೀ ಘಟ್ಟವನ್ನು ಸುಮಾರು ಒಂಬತ್ತು ಕಿಲೋಮೀಟರ್ ಉದ್ದಗಲದ ಚೌಕಗಳಾಗಿ ಭಾಗ ಮಾಡಿತ್ತು. ಅಷ್ಟು ದೊಡ್ಡ ಚೌಕವೇ ಎಂದು ಗೇಲಿ ಮಾಡಿದವರುಂಟು. ಆದರೆ ಅಂತಿಮ ಗಡಿಯನ್ನು ಗ್ರಾಮಸಭೆಗಳ ಜೊತೆ ಕೂತು ತೀರ್ಮಾನಿಸಬೇಕು ಎಂಬುದು ಆ ವರದಿಯ ಜೀವಾಳವಾಗಿತ್ತು. 2013ರಲ್ಲಿ ಕಸ್ತೂರಿರಂಗನ್ ಸಮಿತಿ, ಇಸ್ರೊದ ಮಾಜಿ ಮುಖ್ಯಸ್ಥರದ್ದಾದ್ದರಿಂದ ಸಹಜವಾಗಿಯೇ, ಉಪಗ್ರಹ ಚಿತ್ರಕ್ಕೆ ಒತ್ತು ಕೊಟ್ಟಿತು. ಒಂದು ಚುಕ್ಕೆ ಅಂದರೆ ನೆಲದ ಮೇಲೆ ಸುಮಾರು 24 ಮೀಟರ್. ಘಟ್ಟದ ಸುಮಾರು ಶೇ 40 ಭಾಗ 'ನೈಸರ್ಗಿಕ ಭೂದೃಶ್ಯ', ಉಳಿದದ್ದು ಜನ ಬಳಸುವ 'ಸಾಂಸ್ಕೃತಿಕ ಭೂದೃಶ್ಯ' ಎಂದು ಬೇರ್ಪಡಿಸಿತು. ಅಷ್ಟು ಸೂಕ್ಷ್ಮವಾಗಿ ನೋಡಿದ ಮೇಲೆ ಕೊನೆಗೆ ಮಾಡಿದ್ದೇನು? ಒಂದು ಹಳ್ಳಿಯ ಶೇ 20ರಷ್ಟು ನೆಲ ನೈಸರ್ಗಿಕವಾಗಿದ್ದರೆ ಇಡೀ ಹಳ್ಳಿಯನ್ನೇ ಪಟ್ಟಿಗೆ ಸೇರಿಸಿತು. 24 ಮೀಟರಿನ ಕಣ್ಣು, ಹಳ್ಳಿಯಗಲದ ಕೊಡಲಿ. ಕರ್ನಾಟಕದಲ್ಲಿ ಹನ್ನೆರಡು ವರ್ಷಗಳಿಂದ ನಡೆಯುತ್ತಿರುವ ವಿರೋಧದಲ್ಲಿ ಎಸ್ಟೇಟ್ ಮಾಲೀಕರ, ರೆಸಾರ್ಟ್‌ನವರ, ಕ್ವಾರಿಯವರ ಸ್ವಾರ್ಥ ಖಂಡಿತ ಇದೆ. ಆದರೆ ಒಂದೆರಡು ಎಕರೆಯವನ ಭಯ ಹುಟ್ಟಿದ್ದು ಇಲ್ಲಿ. ಕೇರಳ ತನ್ನದೇ ಸಮಿತಿ ಮಾಡಿ, ನೆಲದ ಮೇಲೆ ಪರಿಶೀಲಿಸಿ, 13,108 ಚದರ ಕಿಲೋಮೀಟರನ್ನು 9,993ಕ್ಕೆ ಇಳಿಸಿಕೊಂಡಿತು. ಇಳಿಸಿದ್ದೆಲ್ಲ ಸರಿಯೇ ಎಂದು ಕೇಳಬಹುದು, ಕೇಳಲೇಬೇಕು. ಅಳೆಯುವ ಕೆಲಸವನ್ನಾದರೂ ಮಾಡಿತು. ನಾವು 'ಬೇಡ' ಎಂಬ ಒಂದೇ ಪದದಲ್ಲಿ ಎಲ್ಲ ಕರಡುಗಳಿಗೂ ಉತ್ತರ ಬರೆದೆವು.

ಚಿತ್ರ ಮತ್ತು ನೆಲ ಎರಡನ್ನೂ ಜೋಡಿಸಿದರೆ ಏನಾಗುತ್ತದೆ ಎಂಬುದಕ್ಕೆ ನಮ್ಮಲ್ಲೇ ದೊಡ್ಡ ಸಾಕ್ಷಿ ಇದೆ. ಬಳ್ಳಾರಿ. ಸಮಾಜ ಪರಿವರ್ತನ ಸಮುದಾಯದ ಅರ್ಜಿಯ ಮೇಲೆ ಸುಪ್ರೀಂ ಕೋರ್ಟ್ 2011ರಲ್ಲಿ ಗಣಿಗಳ ಜಂಟಿ ಸರ್ವೆಗೆ ಆದೇಶಿಸಿತು. ಗುತ್ತಿಗೆ ನಕ್ಷೆ ಹಿಡಿದು, ಉಪಕರಣ ಹೊತ್ತು ತಂಡಗಳು ಗುಡ್ಡ ಹತ್ತಿದವು. ಗಡಿ ದಾಟಿ ಎಷ್ಟು ಗುಂಡಿ ತೋಡಿದ್ದಾರೆ, ತ್ಯಾಜ್ಯ ಮಣ್ಣನ್ನು ಎಷ್ಟು ಹೊರಗೆ ಸುರಿದಿದ್ದಾರೆ ಎಂದು ಒಂದೊಂದು ಗಣಿಗೂ ಲೆಕ್ಕ. ಗುಂಡಿ ಶೇ 10, ಮಣ್ಣಿನ ರಾಶಿ ಶೇ 15 ಮೀರಿದ್ದರೆ 'ಸಿ' ದರ್ಜೆ. 2013ರ ಏಪ್ರಿಲ್ 18ರ ತೀರ್ಪಿನಲ್ಲಿ ಆ ಗುತ್ತಿಗೆಗಳು ರದ್ದಾದವು. ಅಲ್ಲಿ ಮುಖ್ಯವಾದದ್ದು ಮೂರು: ಅಳತೆಗೋಲು ಎಲ್ಲರಿಗೂ ಗೊತ್ತಿತ್ತು, ತಕರಾರಿಗೆ ಅವಕಾಶ ಇತ್ತು, ಎದುರಿಗಿದ್ದವರು ಬಲಾಢ್ಯರು. ವಕೀಲರನ್ನು ಇಟ್ಟುಕೊಳ್ಳಬಲ್ಲವರಿಗೆ ಜಂಟಿ ಸರ್ವೆ, ನನ್ನಪ್ಪನಂಥವರಿಗೆ ಟ್ಯಾಬ್ ಮೇಲಿನ ಕೆಂಪು ಗೆರೆ ಎಂದಾಗಬಾರದು ಅಷ್ಟೆ.

ನಮ್ಮದು ಮುಳುಗಡೆಯ ಕುಟುಂಬ. ಅಜ್ಜನ ಊರು ಈಗ ಲಿಂಗನಮಕ್ಕಿಯ ನೀರಿನಡಿ ಇದೆ. 1964ರಲ್ಲಿ ಅಣೆಕಟ್ಟು ಮುಗಿಯುವ ಮೊದಲೇ ಅವರನ್ನು ಲಾರಿಯಲ್ಲಿ ಪಾತ್ರೆಪಗಡ, ದನಕರುಗಳ ಸಮೇತ ಕಾಡಿನ ಅಂಚಿಗೆ ತಂದು ಬಿಟ್ಟರು. ಮರ ಕಡಿದು ಜಾಗ ಮಾಡಿಕೊಳ್ಳಿ ಎಂದವರು ಸರ್ಕಾರದವರೇ. ಶರಾವತಿ ಮುಳುಗಡೆಯವರ ಹಕ್ಕುಪತ್ರದ ಕತೆ ಶಿವಮೊಗ್ಗ ಜಿಲ್ಲೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಅರವತ್ತು ವರ್ಷವಾದರೂ ಪೂರ್ತಿ ಬಗೆಹರಿದಿಲ್ಲ.

ಉಪಗ್ರಹದ ಕಣ್ಣಿನಿಂದ ಇದನ್ನು ನೋಡಿ. ಮೊದಲ ಲ್ಯಾಂಡ್‌ಸ್ಯಾಟ್ ಉಪಗ್ರಹ ಮೇಲೆ ಹೋದದ್ದು 1972ರಲ್ಲಿ. ಅದರ ಮೊದಲ ಚಿತ್ರದಲ್ಲೇ ಲಿಂಗನಮಕ್ಕಿ ತುಂಬಿಕೊಂಡಿದೆ. ಸುಮಾರು 300 ಚದರ ಕಿಲೋಮೀಟರ್ ಕಾಡು, ಗದ್ದೆ, ಊರುಗಳನ್ನು ನುಂಗಿದ, ಆ ಸೀಮೆಯಲ್ಲಿ ಮನುಷ್ಯ ಮಾಡಿದ ಅತಿದೊಡ್ಡ ಬದಲಾವಣೆ, ನಕ್ಷೆಯಲ್ಲಿ ಬರಿ 'ಜಲಮೂಲ'. ನೀಲಿ ಬಣ್ಣ. ಬದಲಾವಣೆ ಹುಡುಕುವ ಯಾವ ಸಾಫ್ಟ್‌ವೇರೂ ಅದರ ಸುತ್ತ ಗೆರೆ ಎಳೆಯುವುದಿಲ್ಲ, ಯಾಕೆಂದರೆ ಅದರ ಲೆಕ್ಕದಲ್ಲಿ ಅಲ್ಲಿ ಏನೂ ಬದಲಾಗಿಲ್ಲ. ಆ ನೀರಿನಿಂದ ಎದ್ದು ಬಂದವರ ಎರಡೂವರೆ ಎಕರೆಗೆ ಕೆಂಪು ಗೆರೆ.

ಕಾನೂನಿನಲ್ಲೂ ಇಂಥದ್ದೇ ತಾರೀಖಿನ ಆಟ. 1978ರ ಏಪ್ರಿಲ್ 27ಕ್ಕಿಂತ ಮೊದಲಿನ ಒತ್ತುವರಿಗೆ ಒಂದು ನಿಯಮ. 1980ರ ಅರಣ್ಯ ಸಂರಕ್ಷಣಾ ಕಾಯ್ದೆಯ ನಂತರ ಇನ್ನೊಂದು. ಅರಣ್ಯ ಹಕ್ಕು ಕಾಯ್ದೆಯಲ್ಲಿ 2005ರ ಡಿಸೆಂಬರ್ 13 ಗಡುವು. ಬುಡಕಟ್ಟಿನವರಲ್ಲದವರು ಅದಕ್ಕೆ ಮೊದಲು ಮೂರು ತಲೆಮಾರು, ಅಂದರೆ 75 ವರ್ಷ, ಅರಣ್ಯದಲ್ಲಿ ನೆಲೆಸಿದ್ದನ್ನು ತೋರಿಸಬೇಕು. ಅದು 1930ಕ್ಕೆ ಹೋಗುತ್ತದೆ. ಸರ್ಕಾರವೇ ಅರವತ್ತರ ದಶಕದಲ್ಲಿ ತಂದಿಳಿಸಿದವರಿಗೆ ಆ 75 ವರ್ಷ ಎಲ್ಲಿಂದ ಬರಬೇಕು? ಗುಜರಾತಿನಲ್ಲಿ ಉಪಗ್ರಹ ಚಿತ್ರದಲ್ಲಿ ಸಾಗುವಳಿ ಕಾಣುವುದಿಲ್ಲವೆಂದು ಆದಿವಾಸಿಗಳ ಅರ್ಜಿಗಳನ್ನು ರಾಶಿ ರಾಶಿಯಾಗಿ ತಿರಸ್ಕರಿಸಿದ್ದು ಹೈಕೋರ್ಟಿನವರೆಗೂ ಹೋಯಿತು. 2012ರಲ್ಲಿ ತಿದ್ದಿದ ನಿಯಮ ಸ್ಪಷ್ಟವಾಗಿದೆ: ಉಪಗ್ರಹ ಚಿತ್ರ ಬೇರೆ ಸಾಕ್ಷ್ಯಕ್ಕೆ ಪೂರಕವಾಗಬಹುದು, ಅದರ ಬದಲಿಯಾಗಲಾರದು. ಈ ಒಂದು ಸಾಲನ್ನು ನಾನು ಅಪ್ಪನಿಗೆ ವಾಟ್ಸಾಪ್‌ನಲ್ಲಿ ಕಳಿಸಿದೆ. ಅವರು ಅದನ್ನು ಊರಿನ ಏಳೆಂಟು ಮನೆಗೆ ಕಳಿಸಿದ್ದಾರೆ.

ಇದೇ ಚಿತ್ರಗಳು ನಮಗೂ ಸಿಗುತ್ತವೆ ಎಂಬುದು ಬಹಳ ಜನಕ್ಕೆ ಗೊತ್ತಿಲ್ಲ. ಲ್ಯಾಂಡ್‌ಸ್ಯಾಟ್ ಸಂಗ್ರಹ 2008ರಿಂದ ಉಚಿತ. ಯುರೋಪಿನ ಸೆಂಟಿನೆಲ್-2ರ ಹತ್ತು ಮೀಟರ್ ಚುಕ್ಕೆಯ ಚಿತ್ರ 2015ರಿಂದ ಪುಕ್ಕಟೆ. ಗೂಗಲ್ ಅರ್ಥ್‌ನಲ್ಲಿ ಹಳೆಯ ವರ್ಷಗಳಿಗೆ ಜಾರಿಸಿ ನೋಡಬಹುದು. ಕರ್ನಾಟಕದ ಜಮೀನಾದರೆ 'ದಿಶಾಂಕ್' ಆ್ಯಪ್‌ನಲ್ಲಿ ಸರ್ವೆ ನಂಬರ್ ಗಡಿ ಕಾಣುತ್ತದೆ. ಆದರೆ ಆ ಗಡಿ ನೆಲದ ಮೇಲಿನ ಕಲ್ಲಿಗಿಂತ ಕೆಲವು ಮೀಟರ್ ಆಚೀಚೆ ಇರಬಹುದು, ಅದನ್ನೇ ಹಿಡಿದು ಪಕ್ಕದವರ ಜೊತೆ ಜಗಳಕ್ಕೆ ಹೋಗಬೇಡಿ. ಅಮೆರಿಕದ ಗೂಢಚಾರ ಉಪಗ್ರಹ ಕರೋನಾ 1960ರ ದಶಕದಲ್ಲಿ ಫಿಲ್ಮಿನಲ್ಲಿ ತೆಗೆದ ಚಿತ್ರಗಳನ್ನು 1995ರಲ್ಲಿ ಬಹಿರಂಗ ಮಾಡಿದರು. ಸೋವಿಯತ್ ಕ್ಷಿಪಣಿ ಹುಡುಕಲು ಹೋದ ಕ್ಯಾಮೆರಾ ನಮ್ಮ ಮಲೆನಾಡನ್ನೂ ಅಲ್ಲಲ್ಲಿ ಹಿಡಿದಿಟ್ಟಿದೆ.

ಎರಡು ರಾತ್ರಿ ಕೂತು ಹುಡುಕಿದೆ. ಎಪ್ಪತ್ತರ ದಶಕದ ಆರಂಭದ ಲ್ಯಾಂಡ್‌ಸ್ಯಾಟ್ ಚಿತ್ರದಲ್ಲಿ ಒಂದು ಚುಕ್ಕೆ ಸುಮಾರು 80 ಮೀಟರ್, ಅಂದರೆ ಒಂದೂವರೆ ಎಕರೆಗೂ ಸ್ವಲ್ಪ ಹೆಚ್ಚು. ನಮ್ಮ ತೋಟ ಅದರಲ್ಲಿ ಒಂದೂವರೆ ಚುಕ್ಕೆ. ಸುತ್ತಲಿನ ಕಾಡಿಗಿಂತ ತುಸು ತಿಳಿ ಬಣ್ಣ ಇದೆ, ನನಗೆ ಕಾಣುತ್ತದೆ. ತಹಶೀಲ್ದಾರರಿಗೆ ಕಾಣುತ್ತದೋ ಇಲ್ಲವೋ. ಅರವತ್ತರ ದಶಕದ ಫಿಲ್ಮು ಬಹಳ ಚೆನ್ನಾಗಿದೆ, ಅರ್ಧಕ್ಕೆ ಮೋಡದ ನೆರಳು. ಮಿಕ್ಕ ಅರ್ಧದಲ್ಲಿ ಕಾಡಿನ ನಡುವೆ ಬೆಳ್ಳಗೆ ತೆರವು, ಅದಕ್ಕೆ ಹೋಗುವ ಗಾಡಿದಾರಿ. ಪ್ರಿಂಟ್ ಕಳಿಸಿದಾಗ ಅಪ್ಪ ಕೇಳಿದ್ದು ಒಂದೇ: "ಬಾವಿ ಕಾಣುತ್ತಾ? ಬಾವಿ ಅಜ್ಜ ಮೊದಲನೇ ವರ್ಷವೇ ತೋಡಿದ್ದು." ಬಾವಿ ಅಷ್ಟು ಸಣ್ಣ ಫಿಲ್ಮಿನಲ್ಲಿ ಕಾಣುವುದಿಲ್ಲ. ಬಾವಿಯ ಕಟ್ಟೆಯ ಮೇಲೆ ಇಸವಿ ಕೆತ್ತಿದೆ, ಅದು ಸರ್ವೆಯವರಿಗೆ ಮೇಲಿನಿಂದ ಕಾಣುವುದಿಲ್ಲ, ಕೆಳಗೆ ಬಂದು ನೋಡಬೇಕು.

ಇನ್ನೊಂದು ಮಾತು ಉಳಿದಿದೆ. ಕೆಂಪು ಗೆರೆಯೊಳಗಿನ ಎರಡೂವರೆ ಎಕರೆಯೂ ಅಜ್ಜನ ಕಾಲದ್ದಲ್ಲ. ಮೇಲಿನ ಇಳಿಜಾರಿನ ಅರ್ಧ ಎಕರೆ 2018ರ ಜನವರಿಯ ಸೆಂಟಿನೆಲ್ ಚಿತ್ರದಲ್ಲಿ ಗಾಢ ಹಸಿರು. 2019ರ ಜನವರಿಯಲ್ಲಿ ಕೆಂಪು ಮಣ್ಣು, ನೇರ ಅಂಚು. ನನ್ನ ಸಾಫ್ಟ್‌ವೇರ್ ಆ ಜಾಗವನ್ನು ಒಂದಿಷ್ಟೂ ಅನುಮಾನವಿಲ್ಲದೆ ಹಿಡಿಯಿತು. ಅಡಿಕೆಗೆ ಒಳ್ಳೆ ರೇಟಿತ್ತು, ಊರಿನಲ್ಲಿ ಎಲ್ಲರೂ ಮೇಲಕ್ಕೆ ಹತ್ತುತ್ತಿದ್ದರು. ಹಿಟಾಚಿ ನಾಲ್ಕು ದಿನ ಕೆಲಸ ಮಾಡಿತ್ತು. ಬಾಡಿಗೆ ಕೊಟ್ಟದ್ದು ನಾನೇ, ಪುಣೆಯ ಮೊದಲ ವರ್ಷದ ಬೋನಸ್ಸಿನಲ್ಲಿ. ನಮ್ಮ ಊರಿನ ಹೊಸ ಧರೆಗಳಲ್ಲಿ ಎಷ್ಟಕ್ಕೆ ಬೆಂಗಳೂರು, ಪುಣೆ, ದುಬೈಗಳ ಸಂಬಳ ಹೋಗಿದೆ ಎಂಬುದಕ್ಕೆ ಯಾವ ಉಪಗ್ರಹವೂ ಇಲ್ಲ, ಆದರೆ ರಜೆಗೆ ಹೋದಾಗ ಬೆರಳೆಣಿಸಿ ಹೇಳಬಹುದು. ಆ ಅರ್ಧ ಎಕರೆಯ ಕೆಳಗೆ ನಮ್ಮ ಕೊಟ್ಟಿಗೆ ಇದೆ, ಅದರ ಕೆಳಗೆ ಇನ್ನೊಬ್ಬರ ಮನೆ.

ಮುಂದಿನ ವಾರ ಜಂಟಿ ಸರ್ವೆ ಎಂದು ನೋಟಿಸ್ ಬಂದಿದೆ. ಶುಕ್ರವಾರ ರಾತ್ರಿಯ ಬಸ್ಸಿಗೆ ಟಿಕೆಟ್ ಮಾಡಿಸಿದ್ದೇನೆ. ಅರವತ್ತರ ದಶಕದ ಫಿಲ್ಮಿನ ಪ್ರಿಂಟ್ ದೊಡ್ಡದಾಗಿ ಹಾಕಿಸಿ ಕೊಳವೆಯಲ್ಲಿ ಸುತ್ತಿ ಇಟ್ಟಿದ್ದೇನೆ. ಅದರೊಳಗೇ 2018, 2019ರ ಎರಡು ಹಾಳೆಗಳೂ ಇವೆ. ಅಪ್ಪನಿಗೆ ಇನ್ನೂ ಹೇಳಿಲ್ಲ.